ಟ್ರಾಫಿಕ್‌ನಲ್ಲಿ ಕಾಯುವ ಕಾರಿಗೆ ಬೇಕಾದದ್ದು ಗಾಳಿ

ಬೆಂಗಳೂರಿನ ಸಿಲ್ಕ್ ಬೋರ್ಡ್‌ನಲ್ಲಿ ಹದಿನೈದು ನಿಮಿಷ ನಿಂತರೆ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಹತ್ತಿ ಎಂಬತ್ತರಲ್ಲಿ ಓಡಿಸಿದರೆ ತಾನೇ ಇಳಿಯುತ್ತದೆ. ಈ ದೂರು ಹೇಳಿಕೊಂಡು ಬರುವವರಲ್ಲಿ ಬಹಳ ಜನ ಅಷ್ಟು ಹೊತ್ತಿಗಾಗಲೇ 52 ಮಿ.ಮೀ. ದಪ್ಪದ ಅಲ್ಯೂಮಿನಿಯಂ ರೇಡಿಯೇಟರ್ ತರಿಸಿ ಡಿಕ್ಕಿಯಲ್ಲಿ ಇಟ್ಟುಕೊಂಡಿರುತ್ತಾರೆ. "ಸಾರ್, ಇದನ್ನ ಹಾಕಿಬಿಡಿ, ಹೀಟಿಂಗ್ ಕಥೆ ಮುಗೀಲಿ" ಅನ್ನುತ್ತಾರೆ. ಮುಗಿಯುವುದಿಲ್ಲ. ಅವರೇ ಹೇಳಿದ ಲಕ್ಷಣದಲ್ಲಿ ಕಾರಣವೂ ಇದೆ: ನಿಂತಾಗ ಏರಿ ಓಡಿದಾಗ ಇಳಿಯುವ ಕಾರಿನಲ್ಲಿ ರೇಡಿಯೇಟರ್ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಅದಕ್ಕೆ ಗಾಳಿ ಸಿಗುತ್ತಿಲ್ಲ.

ಈ ಮಾತು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ಹಾಗಾಗಿ ಲೆಕ್ಕ ಹಾಕಿ ತೋರಿಸುತ್ತೇನೆ. ಎ.ಸಿ. ಹಾಕಿಕೊಂಡು ಐಡಲ್‌ನಲ್ಲಿ ನಿಂತ ಸಣ್ಣ ಪೆಟ್ರೋಲ್ ಎಂಜಿನ್ ಗಂಟೆಗೆ ಸುಮಾರು ಒಂದು ಲೀಟರ್ ಇಂಧನ ಸುಡುತ್ತದೆ. ಅದರ ಶಕ್ತಿ ಸುಮಾರು 9 ಕಿಲೋವ್ಯಾಟ್. ಅದರಲ್ಲಿ ಮೂರನೇ ಒಂದು ಭಾಗ ಎಂಜಿನ್ ತಂಪಿಡುವ ದ್ರವವಾದ ಕೂಲೆಂಟ್‌ಗೆ ಬರುತ್ತದೆ ಎಂದಿಟ್ಟುಕೊಳ್ಳಿ. ಬಚ್ಚಲಿನ ಇನ್‌ಸ್ಟಂಟ್ ಗೀಸರ್ ಒಂದರಷ್ಟು ಶಾಖ. ಅದೇ 180 ಅಶ್ವಶಕ್ತಿಯ ಟರ್ಬೊ ಕಾರು ಫುಲ್ ಥ್ರಾಟಲ್‌ನಲ್ಲಿ ಗಂಟೆಗೆ 50 ಲೀಟರ್ ದರದಲ್ಲಿ ಸುಡುತ್ತದೆ. ಆಗ ಕೂಲೆಂಟ್ ಹೊರಬೇಕಾದದ್ದು ನೂರು ಕಿಲೋವ್ಯಾಟ್‌ಗೂ ಮೇಲೆ. ಹೈವೇಯಲ್ಲಿ ಇದರಲ್ಲಿ ಒಳ್ಳೆಯ ಪಾಲನ್ನೇ ಹೊರಹಾಕುವ ರೇಡಿಯೇಟರ್, ಸಿಗ್ನಲ್‌ನಲ್ಲಿ ಮೂರು ಕಿಲೋವ್ಯಾಟ್ ಕಳೆಯಲಾರದೆ ಸೋಲುತ್ತದೆ ಎಂದರೆ ಗಾತ್ರವನ್ನು ದೂರಿ ಫಲವಿಲ್ಲ. ಆಗ ನೋಡಬೇಕಾದದ್ದು ಫ್ಯಾನ್, ಶ್ರೌಡ್ (ಫ್ಯಾನ್ ಸುತ್ತ ಇದ್ದು ರೇಡಿಯೇಟರ್ ಮುಚ್ಚುವ ಕವಚ), ಮತ್ತು ಗಾಳಿ ಪಕ್ಕದಿಂದ ತಪ್ಪಿಸಿಕೊಳ್ಳುವ ಸಂದುಗಳನ್ನು.

ಆಫ್ಟರ್‌ಮಾರ್ಕೆಟ್ (ಕಾರು ಕಂಪನಿಯದಲ್ಲದ) ರೇಡಿಯೇಟರ್ ಹಾಕುವಾಗ ಆಗುವ ದೊಡ್ಡ ತಪ್ಪೂ ಇಲ್ಲೇ. ಹೊಸ ಕೋರ್ (ಟ್ಯೂಬ್ ಮತ್ತು ತೆಳು ತಗಡಿನ ಫಿನ್ ಇರುವ ರೇಡಿಯೇಟರ್ ನಡುಭಾಗ) ದಪ್ಪ, ಕಂಪನಿಯ ಶ್ರೌಡ್ ಕೂರುವುದಿಲ್ಲ. ಅದನ್ನು ತೆಗೆದು ಬಿಸಾಡಿ, ಜೆ.ಸಿ. ರಸ್ತೆಯಿಂದ 12 ಇಂಚಿನ ಸ್ಲಿಮ್ ಫ್ಯಾನ್ ಒಂದನ್ನು ತಂದು, ಪ್ಲಾಸ್ಟಿಕ್ ಟೈಗಳನ್ನು ಕೋರ್ ಮೂಲಕವೇ ತೂರಿಸಿ ಬಿಗಿಯುತ್ತಾರೆ. ಕೋರ್ 60 ಸೆಂ.ಮೀ. ಅಗಲ, 38 ಸೆಂ.ಮೀ. ಎತ್ತರ ಇದ್ದರೆ ಅದರ ವಿಸ್ತೀರ್ಣ 2,280 ಚದರ ಸೆಂ.ಮೀ. 12 ಇಂಚಿನ ವೃತ್ತ ಸುಮಾರು 730. ಅಂದರೆ ನಿಂತಾಗ ಕೋರ್‌ನ ಮೂರನೇ ಒಂದು ಭಾಗಕ್ಕೂ ಸರಿಯಾಗಿ ಗಾಳಿ ಇಲ್ಲ, ಉಳಿದದ್ದು ಸುಮ್ಮನೆ ಬಿಸಿಯಾಗಿ ನಿಂತಿರುತ್ತದೆ. ಸಾಲದ್ದಕ್ಕೆ ಆ ಟೈಗಳು ಕಂಪನಕ್ಕೆ ಫಿನ್ ಸವೆಸಿ ಕೊನೆಗೆ ಟ್ಯೂಬನ್ನೂ ತೂತು ಮಾಡುತ್ತವೆ.

ಶ್ರೌಡ್ ಕೋರ್ ಪೂರ್ತಿ ಮುಚ್ಚಬೇಕು, ಅಂಚಿನಲ್ಲಿ ಬೆರಳು ತೂರುವ ಸಂದೂ ಇರಬಾರದು. ಫ್ಯಾನ್ ಎಂಜಿನ್ ಬದಿಯಲ್ಲಿ ಇದ್ದು ಗಾಳಿಯನ್ನು ಎಳೆಯಬೇಕು. ಮುಂದಿನಿಂದ ತಳ್ಳುವ ಫ್ಯಾನ್ ಬೇರೆ ಜಾಗವೇ ಇಲ್ಲದಾಗ ಮಾತ್ರ. ರೆಕ್ಕೆಗೂ ಕೋರ್‌ಗೂ ನಡುವೆ 25 ಮಿ.ಮೀ. ಆದರೂ ಇರಲಿ, ಇಲ್ಲದಿದ್ದರೆ ಮೂಲೆಗಳಿಂದ ಗಾಳಿ ಎಳೆಯಲು ಆಗುವುದಿಲ್ಲ. 2 ಮಿ.ಮೀ. ಅಲ್ಯೂಮಿನಿಯಂ ಶೀಟ್ ಬಗ್ಗಿಸಿ ಒಳ್ಳೆಯ ಶ್ರೌಡ್ ಮಾಡಿಕೊಡುವ ಫ್ಯಾಬ್ರಿಕೇಟರ್‌ಗಳು ಊರಲ್ಲಿ ಇದ್ದಾರೆ. ಮಾಡಿಸುವಾಗ ಫ್ಯಾನ್ ಇಲ್ಲದ ಮೂಲೆಗಳಲ್ಲಿ ಒಂದೆರಡು ಕಿಂಡಿ ಬಿಡಿಸಿ ರಬ್ಬರ್ ಫ್ಲ್ಯಾಪ್ ಹಾಕಿಸಿ. ಫ್ಯಾನ್ ತಿರುಗುವಾಗ ಅವು ಮುಚ್ಚಿಕೊಳ್ಳುತ್ತವೆ, ವೇಗದಲ್ಲಿ ಗಾಳಿಯ ಒತ್ತಡಕ್ಕೆ ತೆರೆದುಕೊಳ್ಳುತ್ತವೆ. ಕೆಲಸ ಮುಗಿದ ಮೇಲೆ ಒಂದು ಎ4 ಹಾಳೆಯನ್ನು ನಾಲ್ಕು ತುಂಡು ಮಾಡಿ ಮುಂದಿನಿಂದ ಒಂದೊಂದು ಮೂಲೆಗೆ ಹಿಡಿದು ನೋಡಿ. ಫ್ಯಾನ್ ಓಡುವಾಗ ಹಾಳೆ ಅಂಟಿಕೊಂಡು ನಿಲ್ಲಬೇಕು. ಬೀಳುವ ಮೂಲೆಯಲ್ಲಿ ಶ್ರೌಡ್ ಕೆಲಸ ಮಾಡುತ್ತಿಲ್ಲ. ನಾಲ್ಕೂ ಕಡೆ ಹಾರಿಹೋದರೆ ವೈರ್ ಉಲ್ಟಾ ಕೊಟ್ಟಿದ್ದಾರೆ, ಫ್ಯಾನ್ ಹಿಂದುಮುಂದಾಗಿ ತಿರುಗುತ್ತಿದೆ. ಇದು ನೀವು ಅಂದುಕೊಂಡಷ್ಟು ಅಪರೂಪವಲ್ಲ.

ಇನ್ನೊಂದು ಕಣ್ಣಿಗೆ ಕಾಣದ ಕಳ್ಳದಾರಿ ಇದೆ. ಕಾರು ನಿಂತಾಗ ಎಂಜಿನ್ ಕಡೆಗೆ ಹೋದ ಬಿಸಿಗಾಳಿ ರೇಡಿಯೇಟರ್‌ನ ಪಕ್ಕದಿಂದ, ಮೇಲಿನಿಂದ, ಕೆಳಗಿನಿಂದ ಸುತ್ತಿಕೊಂಡು ಮತ್ತೆ ಮುಂದಕ್ಕೆ ಬರುತ್ತದೆ. ಫ್ಯಾನ್ ಅದನ್ನೇ ಮತ್ತೆ ಎಳೆಯುತ್ತದೆ. ಹೊರಗೆ 30 ಡಿಗ್ರಿ ಇದ್ದರೂ ಕೋರ್ ಉಸಿರಾಡುವುದು 50-60 ಡಿಗ್ರಿಯ ಗಾಳಿಯನ್ನು. ಕಂಪನಿಯವರು ರೇಡಿಯೇಟರ್ ಸುತ್ತ ಪ್ಲಾಸ್ಟಿಕ್ ತಡೆ, ಫೋಮ್ ಪಟ್ಟಿ ಹಾಕಿರುವುದು ಇದನ್ನು ತಡೆಯಲಿಕ್ಕೆ. ಬಂಪರ್ ಬಿಚ್ಚಿದವರು ಅವುಗಳನ್ನು ವಾಪಸ್ ಹಾಕುವುದಿಲ್ಲ. ನಮ್ಮ ರಸ್ತೆಯ ಹಂಪ್‌ಗಳಿಗೆ ಉಜ್ಜಿ ಹರಿದ, ಎಂಜಿನ್ ಕೆಳಗಿನ ತಡೆಯಾದ ಅಂಡರ್‌ಟ್ರೇಯನ್ನಂತೂ "ಸದ್ದು ಮಾಡುತ್ತೆ" ಎಂದು ಕಿತ್ತೇ ಹಾಕುತ್ತಾರೆ. ಲೋವರಿಂಗ್ ಸ್ಪ್ರಿಂಗ್ ಹಾಕಿದ ಕಾರಿನಲ್ಲಿ ಅದು ಉಳಿದಿರುವುದೇ ಅಪರೂಪ. ನಿಂತಾಗ ಅದು ಬಿಸಿಗಾಳಿ ಮುಂದೆ ಬರದಂತೆ ತಡೆಯುತ್ತದೆ, ಓಡುವಾಗ ಎಂಜಿನ್ ಕೋಣೆಯ ಗಾಳಿ ಹಿಂದಕ್ಕೆ ಸರಾಗವಾಗಿ ಹೋಗಲು ನೆರವಾಗುತ್ತದೆ. ಸಂದು ಮುಚ್ಚಲು ನೀರು ಹೀರದ (ಕ್ಲೋಸ್ಡ್ ಸೆಲ್) ರಬ್ಬರ್ ಫೋಮ್ 20 ಮಿ.ಮೀ. ದಪ್ಪದ್ದು ಸಾಕು, ಸೋಫಾ ಸ್ಪಂಜ್ ಬೇಡ, ಮೊದಲ ಮಳೆಗೇ ನೀರು ಕುಡಿದು ಕುಸಿಯುತ್ತದೆ. ಕೆಲವು ನೂರು ರೂಪಾಯಿಯ ಈ ಕೆಲಸ ದುಬಾರಿ ರೇಡಿಯೇಟರ್ ಮಾಡದ ಉಪಕಾರ ಮಾಡುತ್ತದೆ.

ಹಾಗಾದರೆ ದಪ್ಪ ಕೋರ್ ಏನು ಮಾಡುತ್ತದೆ? ಐಡಲ್‌ನಲ್ಲಿ ಕೆಲವೊಮ್ಮೆ ಸ್ಥಿತಿಯನ್ನು ಇನ್ನಷ್ಟು ಹದಗೆಡಿಸುತ್ತದೆ. ಕಂಪನಿಯ ಕೋರ್ ಬಹುತೇಕ 16ರಿಂದ 26 ಮಿ.ಮೀ. ಇರುತ್ತದೆ, ಫ್ಯಾನ್‌ನ ಎಳೆಯುವ ಶಕ್ತಿಯನ್ನು ಅದಕ್ಕೆ ಹೊಂದಿಸಿರುತ್ತಾರೆ. 52 ಮಿ.ಮೀ. ಕೋರ್‌ನಲ್ಲಿ ಗಾಳಿಗೆ ಅಡ್ಡಿ ಹೆಚ್ಚು, ಅದೇ ಫ್ಯಾನ್ ಈಗ ಕಡಿಮೆ ಗಾಳಿ ಎಳೆಯುತ್ತದೆ. ಬಂದಷ್ಟು ಗಾಳಿಯೂ ಮೊದಲ ಸಾಲಿನ ಟ್ಯೂಬ್ ದಾಟುವಾಗಲೇ ಬಿಸಿಯಾಗಿ ಹಿಂದಿನ ಸಾಲಿಗೆ ಏನೂ ಉಳಿಸುವುದಿಲ್ಲ. ಜಾಗವಿದ್ದರೆ ದಪ್ಪಕ್ಕಿಂತ ಅಗಲ, ಎತ್ತರ ಹೆಚ್ಚಿರುವುದನ್ನು ಆರಿಸಿ. ದಿನಬಳಕೆಯ ಕಾರಿಗೆ 36-42 ಮಿ.ಮೀ. ಮೀರುವುದು ನನ್ನ ಪ್ರಕಾರ ಬೇಡ. ಟ್ರ್ಯಾಕ್ ಕಾರಿನ ಲೆಕ್ಕ ಬೇರೆ.

ಹೊಸದನ್ನು ತರಿಸುವ ಮೊದಲು ಹಳೆಯದನ್ನು ಒಮ್ಮೆ ಬಿಚ್ಚಿ ನೋಡಿ. ಎ.ಸಿ. ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವಿನ ಸಂದಿನಲ್ಲಿ ಮೆಟ್ರೊ ಕಾಮಗಾರಿಯ ದೂಳು, ಬೇಸಿಗೆಯಲ್ಲಿ ಉದುರುವ ಹೊಂಗೆ ಹೂ, ಎಣ್ಣೆ ಜಿಡ್ಡು ಎಲ್ಲ ಸೇರಿ ಕಂಬಳಿಯಂಥ ಪದರ ಕಟ್ಟಿರುತ್ತದೆ. ಬಂಪರ್ ಮುಂದಿನಿಂದ ಎಷ್ಟು ತೊಳೆದರೂ ಅದು ಹೋಗುವುದಿಲ್ಲ, ಇನ್ನೂ ಒಳಕ್ಕೆ ಹೋಗಿ ಕೂರುತ್ತದೆ. ಎರಡನ್ನೂ ಬೇರ್ಪಡಿಸಿ, ಎಂಜಿನ್ ಬದಿಯಿಂದ ಮುಂದಕ್ಕೆ, ಸಾಧಾರಣ ಒತ್ತಡದ ನೀರಿನಲ್ಲಿ ತೊಳೆಯಬೇಕು. ಪ್ರೆಶರ್ ವಾಷರ್ ಹಿಡಿದರೆ ಫಿನ್ ಮಲಗಿಬಿಡುತ್ತವೆ.

ಪತ್ತೆ ಹಚ್ಚಲು ಡ್ಯಾಶ್‌ಬೋರ್ಡ್ ಮುಳ್ಳನ್ನು ನಂಬಬೇಡಿ. ಹಲವು ಕಾರುಗಳಲ್ಲಿ ಅದು ಸುಮಾರು 75ರಿಂದ 105 ಡಿಗ್ರಿವರೆಗೂ ನಟ್ಟನಡುವೆ ನಿಂತಿರುವಂತೆ ಮಾಡಿರುತ್ತಾರೆ. ಕಾರಿನ ಕಂಪ್ಯೂಟರ್ ಓದುವ ಒಬಿಡಿ ಸ್ಕ್ಯಾನರ್ ಹಾಕಿ ನಿಜವಾದ ಅಂಕಿ ನೋಡಿ. ಆಮೇಲೆ ರೇಡಿಯೇಟರ್‌ನ ಒಳಬರುವ, ಹೊರಹೋಗುವ ಎರಡೂ ಕಡೆ ಉಷ್ಣತೆ ಅಳೆಯಿರಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಇನ್‌ಫ್ರಾರೆಡ್ ಗನ್ ತಪ್ಪು ಅಂಕಿ ತೋರಿಸುತ್ತದೆ, ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಿರಿ. ಎಂಜಿನ್ ಬಿಸಿ ಏರುತ್ತಿದ್ದು ಎರಡರ ನಡುವಿನ ವ್ಯತ್ಯಾಸ ಎರಡು ಮೂರು ಡಿಗ್ರಿ ಮಾತ್ರ ಇದ್ದರೆ ಗಾಳಿ ಸಾಲದು. ವ್ಯತ್ಯಾಸ 20 ಡಿಗ್ರಿ ದಾಟಿದರೆ ಕೂಲೆಂಟ್ ಹರಿವೇ ಸಾಲದು: ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ರೇಡಿಯೇಟರ್ ದಾರಿ ತೆರೆಯುವ ಕವಾಟ) ಪೂರ್ತಿ ತೆರೆಯುತ್ತಿಲ್ಲ, ಪಂಪ್ ಸೋತಿದೆ, ಅಥವಾ ಟ್ಯೂಬ್ ಕಟ್ಟಿಕೊಂಡಿದೆ. ವೇಗದಲ್ಲಿ, ಏರಿನಲ್ಲಿ ಮಾತ್ರ ಬಿಸಿಯಾದರೆ ಹರಿವನ್ನೂ ರೇಡಿಯೇಟರ್ ಸಾಮರ್ಥ್ಯವನ್ನೂ ಅನುಮಾನಿಸಬೇಕು. ರಾತ್ರಿಯಿಡೀ ನಿಂತ ಕಾರಿನ ಮೇಲಿನ ಹೋಸ್ ಬೆಳಿಗ್ಗೆಯೂ ಗಟ್ಟಿಯಾಗಿದ್ದರೆ, ಕೂಲೆಂಟ್ ಟ್ಯಾಂಕ್‌ನಲ್ಲಿ ಗುಳ್ಳೆ ಏಳುತ್ತಿದ್ದರೆ ಮೊದಲು ಹೆಡ್ ಗ್ಯಾಸ್ಕೆಟ್ ಪರೀಕ್ಷೆ. ಕೂಲೆಂಟ್ ಟ್ಯಾಂಕಿನ ಗಾಳಿಯಲ್ಲಿ ಎಂಜಿನ್ ಹೊಗೆ ಸೇರಿದೆಯೇ ಎಂದು ನೋಡುವ ಆ ಪರೀಕ್ಷೆಯ ನೀಲಿ ದ್ರಾವಣ ಹಳದಿಗೆ ತಿರುಗಿತೆಂದರೆ ರೇಡಿಯೇಟರ್ ಮಾತು ಅಲ್ಲಿಗೆ ನಿಲ್ಲಲಿ.

ಥರ್ಮೋಸ್ಟಾಟ್ ಕಿತ್ತುಹಾಕುವ ಸಲಹೆ ಇನ್ನೂ ಚಾಲ್ತಿಯಲ್ಲಿದೆ. ದಯವಿಟ್ಟು ಬೇಡ. ಹಲವು ಎಂಜಿನ್‌ಗಳ ಥರ್ಮೋಸ್ಟಾಟ್ ಬುಡದಲ್ಲಿ ಇನ್ನೊಂದು ತಟ್ಟೆ ಇರುತ್ತದೆ; ಮುಖ್ಯ ಬಾಗಿಲು ತೆರೆದಾಗ ಅದು ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಕಿತ್ತರೆ ಬೈಪಾಸ್ ಸದಾ ತೆರೆದಿರುತ್ತದೆ, ಬಿಸಿ ಕೂಲೆಂಟ್‌ನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಎಂಜಿನ್‌ನಲ್ಲೇ ಸುತ್ತುತ್ತದೆ. ಕಡಿಮೆ ಡಿಗ್ರಿಯ ಥರ್ಮೋಸ್ಟಾಟ್ ಕೂಡ ಸಾಮರ್ಥ್ಯ ಹೆಚ್ಚಿಸುವುದಿಲ್ಲ, ಬಿಸಿಯಾಗುವುದನ್ನು ಒಂದಷ್ಟು ನಿಮಿಷ ಮುಂದೂಡುತ್ತದೆ ಅಷ್ಟೆ.

ದೊಡ್ಡ ರೇಡಿಯೇಟರ್ ನಿಜಕ್ಕೂ ಬೇಕಾಗುವುದು ಯಾರಿಗೆ? ದೊಡ್ಡ ಟರ್ಬೊ ಹಾಕಿದವರಿಗೆ, ಮುಂದೆ ಟರ್ಬೊ ಗಾಳಿ ತಂಪು ಮಾಡುವ ದಪ್ಪ ಇಂಟರ್‌ಕೂಲರ್ ಕೂರಿಸಿದವರಿಗೆ, ಚೆನ್ನೈ ಬಳಿಯ ಇರುಂಗಾಟ್ಟುಕೋಟೆ ಟ್ರ್ಯಾಕ್‌ಗೆ ಹೋಗುವವರಿಗೆ. ಬೆಳಗಿನ ತಂಪಿನಲ್ಲಿ ನಂದಿ ಬೆಟ್ಟ ಹತ್ತಿ ಬಂದದ್ದು ಪರೀಕ್ಷೆಯಲ್ಲ. 38 ಡಿಗ್ರಿ ಬಿಸಿಲಲ್ಲಿ ಇಪ್ಪತ್ತು ನಿಮಿಷ ಫುಲ್ ಥ್ರಾಟಲ್ ಓಡಿದಾಗ ಗೊತ್ತಾಗುತ್ತದೆ. ಆಗಲೂ ಆಯಿಲ್ ಉಷ್ಣತೆ ನೋಡಿ. ಅದು 130 ದಾಟುತ್ತಿದ್ದರೆ ಆಯಿಲ್ ಫಿಲ್ಟರ್ ಬುಡದಲ್ಲಿ ಕೂರುವ, ಥರ್ಮೋಸ್ಟಾಟ್ ಇರುವ ಸ್ಯಾಂಡ್‌ವಿಚ್ ಪ್ಲೇಟಿನ ಆಯಿಲ್ ಕೂಲರ್ ಮೊದಲು, ರೇಡಿಯೇಟರ್ ಆಮೇಲೆ.

ಕೂರಿಸುವ ಕೆಲಸದಲ್ಲಿ ಅವಸರ ಸಲ್ಲದು. ಆಟೊಮ್ಯಾಟಿಕ್ ಕಾರಾದರೆ ಹಳೆಯ ರೇಡಿಯೇಟರ್ ಒಳಗೆ ಗೇರ್ ಆಯಿಲ್ ತಂಪು ಮಾಡುವ ಕೊಳವೆ ಇದೆಯೇ ನೋಡಿ. ಹೊಸದರಲ್ಲಿ ಇಲ್ಲದಿದ್ದರೆ ಬೇರೆ ಕೂಲರ್ ಬೇಕು. ಫ್ಯಾನ್ ಸ್ವಿಚ್‌ನ ಥ್ರೆಡ್ ಹೊಂದುತ್ತದೆಯೇ ಅಂಗಡಿಯಲ್ಲೇ ಖಾತ್ರಿ ಮಾಡಿಕೊಳ್ಳಿ. ಹೊಸ ರೇಡಿಯೇಟರ್ ಒಳಗೆ ವೆಲ್ಡಿಂಗ್ ಪುಡಿ, ಅಲ್ಯೂಮಿನಿಯಂ ಚೂರು ಉಳಿದಿರುತ್ತದೆ, ಡಿ.ಎಂ. ವಾಟರ್ (ಖನಿಜ ತೆಗೆದ ನೀರು) ಹಾಕಿ ಚೂರು ಬರುವುದು ನಿಲ್ಲುವವರೆಗೆ ಕುಲುಕಿ ಚೆಲ್ಲಿ. ಕೂರಿಸುವ ಮೊದಲೇ ರೇಡಿಯೇಟರಿನ ಬಾಯಿಗಳನ್ನು ಮುಚ್ಚಿ, ಕ್ಯಾಪ್ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ಹದಿನೈದು ನಿಮಿಷ ನೀರಿನಲ್ಲಿ ಮುಳುಗಿಸಿಡಿ; ವೆಲ್ಡಿಂಗ್ ಸೋರಿಕೆ ಕಂಡರೆ ವಾಪಸ್ ಕೊಡಲು ಇದೇ ಸಮಯ. ಕೆಳಗೆ, ಮೇಲೆ ರಬ್ಬರ್ ಬುಷ್ ಇರಲೇಬೇಕು. ಕಾರಿನ ಬಾಡಿಯ ಲೋಹಕ್ಕೆ ನೇರವಾಗಿ ಬೋಲ್ಟ್ ಮಾಡಿದ ಅಲ್ಯೂಮಿನಿಯಂ ಟ್ಯಾಂಕ್ ನಮ್ಮ ರಸ್ತೆಗಳಲ್ಲಿ ವೆಲ್ಡಿಂಗ್ ಬಳಿ ಸೀಳುತ್ತದೆ. ಕೆಳಗಿನ ಹೋಸ್ ಒಳಗೆ ಸ್ಪ್ರಿಂಗ್ ಇದ್ದರೆ ಅದನ್ನು ಬಿಡಬೇಡಿ, ಹೆಚ್ಚಿನ ಆರ್‌ಪಿಎಂನಲ್ಲಿ ಪಂಪ್‌ನ ಹೀರುವಿಕೆಗೆ ಹೋಸ್ ಚಪ್ಪಟೆಯಾಗದಂತೆ ಅದು ಕಾಯುತ್ತದೆ.

12 ಇಂಚಿನ ಫ್ಯಾನ್ 10-15 ಆಂಪಿಯರ್ ಎಳೆಯುತ್ತದೆ, ಶುರುವಾಗುವಾಗ ಇನ್ನೂ ಹೆಚ್ಚು. ಬ್ಯಾಟರಿಯಿಂದ ಪ್ರತ್ಯೇಕ ವೈರ್, ಪ್ರತಿ ಫ್ಯಾನ್‌ಗೆ ಒಂದು 40 ಆಂಪಿಯರ್ ರಿಲೇ, 25-30 ಆಂಪಿಯರ್ ಫ್ಯೂಸ್, 4 ಚದರ ಮಿ.ಮೀ. ವೈರ್. ಅರ್ತ್ ಅನ್ನು ಕಾರಿನ ಬಾಡಿಯ ಲೋಹಕ್ಕೆ ಕೊಡಿ, ರೇಡಿಯೇಟರ್‌ಗೆ ಕೊಡಲೇಬೇಡಿ. ಮಲ್ಟಿಮೀಟರ್‌ನ ಒಂದು ಕಡ್ಡಿ ಕೂಲೆಂಟ್‌ನಲ್ಲಿ, ಇನ್ನೊಂದು ಬ್ಯಾಟರಿ ನೆಗೆಟಿವ್ ಮೇಲೆ ಇಟ್ಟು, ಫ್ಯಾನ್ ಮತ್ತು ಲೈಟ್ ಹಾಕಿ ನೋಡಿ; 0.1 ವೋಲ್ಟ್ ಮೀರಿದರೆ ಎಲ್ಲೋ ಅರ್ತ್ ಸರಿಯಿಲ್ಲ, ಹೊಸ ಅಲ್ಯೂಮಿನಿಯಂ ಒಳಗಿನಿಂದ ತೂತು ಬೀಳುತ್ತದೆ.

ಬೋರ್‌ವೆಲ್ ನೀರು ಬೇಡ, ಗಡಸು ನೀರಿನ ಸುಣ್ಣದಂಶ ಟ್ಯೂಬ್‌ಗಳಲ್ಲಿ ಕೂರುತ್ತದೆ. ಬೆಂಗಳೂರಿನಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲ, ಆದರೂ ತುಕ್ಕು ತಡೆಯುವ ಅಂಶಕ್ಕಾಗಿ ಕೂಲೆಂಟ್ ಬೇಕೇ ಬೇಕು. ಎಷ್ಟು ಪ್ರಮಾಣ ಎಂಬುದಕ್ಕೆ ನಿಮ್ಮ ಕಾರಿನ ಮ್ಯಾನುವಲ್ ನೋಡಿ, ಬಣ್ಣ ನೋಡಿ ಬೆರೆಸಬೇಡಿ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಈ ಊರಲ್ಲಿ ನೀರು 97 ಡಿಗ್ರಿಯಲ್ಲೇ ಕುದಿಯುತ್ತದೆ. 1.1 ಬಾರ್‌ನ ಕ್ಯಾಪ್ ಅದನ್ನು ಸುಮಾರು 120ಕ್ಕೆ ಏರಿಸುತ್ತದೆ. ಹೊಸ ರೇಡಿಯೇಟರ್‌ಗೆ ಹಳೆಯ, ರಬ್ಬರ್ ಬಿರಿದ ಕ್ಯಾಪ್ ಹಾಕಿದರೆ ಆ ಇಪ್ಪತ್ತು ಚಿಲ್ಲರೆ ಡಿಗ್ರಿ ಕೈತಪ್ಪಿತು.

ತುಂಬುವಾಗ ಕಾರಿನ ಮುಂಭಾಗ ಎತ್ತಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ನಿಧಾನವಾಗಿ ಸುರಿಯಿರಿ. ಬ್ಲೀಡ್ ಸ್ಕ್ರೂ ಇದ್ದರೆ ಗುಳ್ಳೆ ನಿಲ್ಲುವವರೆಗೆ ತೆರೆದಿಡಿ. ಎಂಜಿನ್ ಓಡಿಸಿ, ತಣ್ಣಗಿರುವಾಗಲೇ ಮೇಲಿನ ಹೋಸ್ ಹಿಸುಕುತ್ತಿರಿ. ಕೂಲೆಂಟ್ ಉಬ್ಬತೊಡಗಿದ ಕೂಡಲೇ ಕ್ಯಾಪ್ ಹಾಕಿ, ಫ್ಯಾನ್ ಎರಡು ಸಲ ಬಂದು ನಿಲ್ಲುವವರೆಗೆ ಬಿಡಿ. ಹೀಟರ್‌ನಿಂದ ಬಿಸಿಗಾಳಿ ಬರುತ್ತಿಲ್ಲ ಎಂದರೆ ಗಾಳಿ ಇನ್ನೂ ಸಿಕ್ಕಿಕೊಂಡಿದೆ, ಆ ಕಾರನ್ನು ರಸ್ತೆಗೆ ಬಿಡಬೇಡಿ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಮಟ್ಟ ನೋಡಿ ತುಂಬಿಸಿ. ಸಾಮಾನ್ಯವಾಗಿ ಕಾಲಿನಿಂದ ಅರ್ಧ ಲೀಟರ್ ಹಿಡಿಯುತ್ತದೆ. ಸ್ಕ್ರೂ ಕ್ಲ್ಯಾಂಪ್ ಬಳಸಿದ್ದರೆ 500 ಕಿ.ಮೀ. ಆದ ಮೇಲೆ ಇನ್ನೊಮ್ಮೆ ಬಿಗಿ ಮಾಡಿಸಿ, ಹೊಸ ಹೋಸ್ ಅಷ್ಟರಲ್ಲಿ ಕುಗ್ಗಿ ಸಡಿಲವಾಗಿರುತ್ತದೆ.