ಆಟ ನಿಜ, ಊರು ಕಟ್ಟಿದ್ದು

ಪ್ರಶ್ನೆ: ಹಳೆಯ ಡಚ್ ಚಿತ್ರಗಳಲ್ಲಿ ಚಳಿಗಾಲ ಬಂತೆಂದರೆ ಊರಿಗೆ ಊರೇ ಹೆಪ್ಪುಗಟ್ಟಿದ ಕಾಲುವೆಯ ಮೇಲೆ ಆಡುತ್ತಿರುತ್ತದೆ. ಅವರಿಗೆಲ್ಲ ಕೆಲಸವೇ ಇರಲಿಲ್ಲವೇ? ಇದು ಕಂಡದ್ದೋ, ಕಲ್ಪಿಸಿದ್ದೋ?

ಡಚ್ ಕಲಾವಿದ ಹೆಂಡ್ರಿಕ್ ಆವರ್‌ಕಾಂಪ್ ಸುಮಾರು 1608ರಲ್ಲಿ ಬರೆದ ಒಂದು ಚಿತ್ರ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿದೆ. ಅದನ್ನೇ ಮುಂದಿಟ್ಟುಕೊಂಡು ಉತ್ತರ ಹುಡುಕೋಣ. ಮರದ ಹಲಗೆಯ ಮೇಲೆ ತೈಲವರ್ಣ. ಅಗಲ ಸುಮಾರು 132 ಸೆಂ.ಮೀ., ಎತ್ತರ 77. ಅಷ್ಟರೊಳಗೆ ಒಂದು ಜಾತ್ರೆಯೇ ಸೇರಿದೆ. ಸ್ಕೇಟಿನ ಮೇಲೆ ಜಾರುವವರು, ಜಾರಿ ಬಿದ್ದವರು, ಕೋಲಿನಿಂದ ಚೆಂಡು ಹೊಡೆಯುವ ಕೋಲ್ಫ್ ಆಟಗಾರರು, ಕುದುರೆ ಎಳೆಯುವ ಜಾರುಬಂಡಿಯಲ್ಲಿ ಸಿರಿವಂತರು.

ಆಟ ನಿಜವೇ. ಆ ನಾಡಿಗೆ ಕಾಲುವೆಗಳೇ ಹೆದ್ದಾರಿ. ನೀರು ಗಟ್ಟಿಯಾದರೆ ದೋಣಿಗಳು ನಿಂತಲ್ಲೇ ನಿಲ್ಲುತ್ತವೆ, ದೋಣಿಯನ್ನು ನಂಬಿದವರ ಕೈ ಖಾಲಿ. ಆದರೆ ಅದೇ ಮಂಜುಗಡ್ಡೆ ಎಲ್ಲರಿಗೂ ನಡೆಯುವ ದಾರಿಯೂ ಆಗುತ್ತದೆ. ಹಾಗಾಗಿ ಅಲ್ಲಿರುವವರೆಲ್ಲ ಆಡಲು ಬಂದವರಲ್ಲ. ಎಷ್ಟೋ ಮಂದಿ ಒಂದು ದಡದಿಂದ ಇನ್ನೊಂದು ದಡಕ್ಕೆ ಹೊರಟವರು. ಚಳಿಯೂ ಉತ್ಪ್ರೇಕ್ಷೆಯಲ್ಲ. 1607–08ರ ಚಳಿಗಾಲ ಯುರೋಪನ್ನೇ ನಡುಗಿಸಿತು, ಲಂಡನ್ನಿನಲ್ಲಿ ಥೇಮ್ಸ್ ನದಿಯ ಮೇಲೆ ಸಂತೆ ನೆರೆಯಿತು. ಆ ಶತಮಾನಗಳ ದೀರ್ಘ ಚಳಿಯನ್ನು 'ಕಿರು ಹಿಮಯುಗ' ಎನ್ನುತ್ತೇವೆ. ಡಚ್ಚರಿಗೆ ಮಂಜುಗಡ್ಡೆಯ ಮೋಹ ಇನ್ನೂ ಬಿಟ್ಟಿಲ್ಲ. ಹನ್ನೊಂದು ಪಟ್ಟಣಗಳನ್ನು ಸುತ್ತುವ ಸುಮಾರು 200 ಕಿ.ಮೀ. ಸ್ಕೇಟಿಂಗ್ ಸ್ಪರ್ಧೆಗೆ ಅವರು ಪ್ರತಿ ಚಳಿಗಾಲವೂ ಕಾಯುತ್ತಾರೆ. ಕಾಲುವೆಗಳು ಅದಕ್ಕೆ ಬೇಕಾದಷ್ಟು ಗಟ್ಟಿಯಾಗಿ, ಅದು ಕೊನೆಯ ಬಾರಿ ನಡೆದದ್ದು 1997ರಲ್ಲಿ.

ಊರು ಮಾತ್ರ ಕಲಾವಿದ ಕಟ್ಟಿದ್ದು. ಆವರ್‌ಕಾಂಪ್ ಬಿಡಿಬಿಡಿಯಾಗಿ ಜನರ ರೇಖಾಚಿತ್ರಗಳನ್ನು ಬರೆದಿಟ್ಟುಕೊಂಡು, ಆಮೇಲೆ ಒಳಗೆ ಕುಳಿತು ಒಂದೇ ಹಲಗೆಯ ಮೇಲೆ ಅವರನ್ನೆಲ್ಲ ಕೂಡಿಸುತ್ತಿದ್ದ. ಅವನ ಬೇರೆ ಬೇರೆ ಚಿತ್ರಗಳಲ್ಲಿ ಅದೇ ಮನುಷ್ಯ ಮತ್ತೆ ಸಿಗುವುದುಂಟು. ಮಹಡಿಯಿಂದ ಬೀದಿ ನೋಡುವಂತೆ ಕ್ಷಿತಿಜವನ್ನು ಮೇಲಕ್ಕೆತ್ತಿ, ನೆಲವನ್ನು ಹರಡಿ, ಯಾರ ಮುಂದೆ ಯಾರೂ ಅಡ್ಡ ನಿಲ್ಲದಂತೆ ನೋಡಿಕೊಂಡ. ದೂರ ಹೋದಷ್ಟೂ ಜನರ ಬಣ್ಣ ಕರಗಿ, ಕೊನೆಯವರು ಮಂಜಿನೊಳಗಿನ ಬೂದು ಚುಕ್ಕೆಗಳು. ಈ ನೋಟ ಅವನಿಗೆ ಫ್ಲೆಮಿಶ್ (ಇಂದಿನ ಬೆಲ್ಜಿಯಂ ಕಡೆಯ) ಪರಂಪರೆಯಿಂದ, ಅಲ್ಲಿನ ಕಲಾವಿದ ಪೀಟರ್ ಬ್ರೂಗಲ್ 1565ರಲ್ಲಿ ಬರೆದ ಚಳಿಗಾಲಗಳಿಂದ ಬಂದದ್ದು.

ಈಗ ಚಿತ್ರದ ಎಡಮೂಲೆಯ ಕೆಳಭಾಗಕ್ಕೆ ಬನ್ನಿ. ನನಗೆ ಇಡೀ ಚಿತ್ರದ ಜೀವ ಅಲ್ಲೇ ಇದೆ ಅನ್ನಿಸುತ್ತದೆ. ಹಳೆಯ ಬಾಗಿಲೊಂದನ್ನು ಕೋಲಿನ ಆಸರೆಯಲ್ಲಿ ಓರೆಯಾಗಿ ನಿಲ್ಲಿಸಿದ್ದಾರೆ. ಕೋಲಿಗೆ ಹಗ್ಗ ಕಟ್ಟಿದೆ. ಕಾಳಿನ ಆಸೆಗೆ ಹಕ್ಕಿಗಳು ಅಡಿಗೆ ಬಂದಾಗ ಹಗ್ಗ ಎಳೆದರೆ ಬಾಗಿಲು ಧಡಕ್ಕನೆ ಬೀಳುತ್ತದೆ. ಅಲ್ಲೇ ಹತ್ತಿರ ಸತ್ತ ಪ್ರಾಣಿಯೊಂದರ ಒಡಲನ್ನು ನಾಯಿ ಕಿತ್ತು ತಿನ್ನುತ್ತಿದೆ, ಪಾಲಿಗೆ ಕಾಗೆಯೂ ಬಂದಿದೆ. ಬಾಳೇ ಒಂದು ಜಾರುವ ನೆಲ, ಸಾವು ಒಂದು ಬಲೆ ಎಂಬ ಉಪದೇಶವನ್ನು ಕೆಲವರು ಇಲ್ಲಿ ಓದುತ್ತಾರೆ. ನಾನು ಅಷ್ಟು ದೂರ ಹೋಗಲಾರೆ. ಆ ಬಲೆ ಮೊದಲು ಯಾರದೋ ಮನೆಯ ರಾತ್ರಿಯೂಟ. ಸಿರಿವಂತನ ಜಾರುಬಂಡಿ ಓಡುವ ಅದೇ ಚಳಿಯಲ್ಲಿ ಇನ್ನೊಬ್ಬ ಗುಬ್ಬಿ ಹಿಡಿದು ಹೊಟ್ಟೆ ಹೊರೆಯುತ್ತಿದ್ದ. ಆವರ್‌ಕಾಂಪ್ ಎರಡನ್ನೂ ಬರೆದ, ಒಂದನ್ನು ಮುಚ್ಚಿ ಇನ್ನೊಂದನ್ನು ತೋರಿಸಲಿಲ್ಲ.

ಅವನಿಗೆ ಮಾತು ಬರುತ್ತಿರಲಿಲ್ಲ. ಬಹುಶಃ ಕಿವಿಯೂ ಕೇಳುತ್ತಿರಲಿಲ್ಲ. ಅವನಿದ್ದ ಊರು ಕಾಂಪೆನ್; ಜನ ಅವನನ್ನು 'ಕಾಂಪೆನ್‌ನ ಮೂಗ' ಎಂದೇ ಕರೆಯುತ್ತಿದ್ದರು. ಚಿತ್ರದ ಬಲಗಡೆ ಒಂದು ಮರದ ಗುಡಿಸಲಿದೆ. ಅದರ ಹಲಗೆಯ ಮೇಲೆ, ದಾರಿಹೋಕರು ಗೀಚಿಹೋದ ಅಕ್ಷರದ ಹಾಗೆ, ತನ್ನ ಹೆಸರು ಬರೆದಿದ್ದಾನೆ.