ಗಡಿ ದಾಟಿದರೆ ಗನ್‌ಮ್ಯಾನ್ ಯಾರವನು?

ಚಾಮರಾಜನಗರದ ಕಡೆಯಿಂದ ತಾಳವಾಡಿಗೆ ಹೋಗುವವರಿಗೆ ರಾಜ್ಯ ಬದಲಾದದ್ದು ಅಂಗಡಿ ಬೋರ್ಡುಗಳನ್ನು ನೋಡಿದರಷ್ಟೇ ಗೊತ್ತಾಗುತ್ತದೆ. ಮಾತು ಅದೇ ಕನ್ನಡ, ನೆಂಟಸ್ತನವೂ ಆಚೀಚೆ ಹೆಣೆದುಕೊಂಡಿರುವುದೇ. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಮದ್ರಾಸಿನಲ್ಲೇ, ಅಂದರೆ ಇಂದಿನ ತಮಿಳುನಾಡಿನಲ್ಲೇ ಉಳಿಯಿತು. ಹಾಗಾಗಿ ಇಲ್ಲಿನವರು ಜಿಲ್ಲಾ ಕಚೇರಿಯ ಕೆಲಸಕ್ಕೆ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಇಳಿದು, ಸತ್ಯಮಂಗಲ ದಾಟಿ, ನೂರು ಕಿಲೋಮೀಟರಿಗೂ ದೂರದ ಈರೋಡಿಗೆ ಹೋಗಬೇಕು. ಪೊಲೀಸರು ಬರಬೇಕಾದದ್ದೂ ಆ ದಾರಿಯಲ್ಲೇ.

2000ದ ಜುಲೈ 30ರ ರಾತ್ರಿ ತಾಳವಾಡಿ ಸಮೀಪದ ದೊಡ್ಡಗಾಜನೂರಿನಲ್ಲಿ ಡಾ. ರಾಜ್‌ಕುಮಾರ್ ಊಟ ಮುಗಿಸಿ ಮನೆಯಲ್ಲಿದ್ದರು. ವೀರಪ್ಪನ್ ತನ್ನ ತಂಡದೊಂದಿಗೆ ಒಳಗೆ ಬಂದ. ಅವರನ್ನೂ ಜೊತೆಗಿದ್ದ ಮೂವರನ್ನೂ ಕರೆದುಕೊಂಡು ಕಾಡಿಗೆ ನಡೆದ. ಹೋಗುವ ಮುಂಚೆ ಪಾರ್ವತಮ್ಮನವರ ಕೈಗೆ ಒಂದು ಕ್ಯಾಸೆಟ್ ಕೊಟ್ಟ, ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರಿಗೆ ತಲುಪಿಸಿ ಎಂದು. ಮುಂದಿನ 108 ದಿನ ಎರಡು ಸರ್ಕಾರಗಳೂ ಆ ಕ್ಯಾಸೆಟ್‌ಗಳ ಹಿಂದೆಯೇ ಓಡಿದವು.

ಮುನ್ಸೂಚನೆ ಇರಲಿಲ್ಲವೇ? ಇತ್ತು. ವೀರಪ್ಪನ್ ಅಣ್ಣಾವ್ರ ಮೇಲೆ ಕಣ್ಣಿಟ್ಟಿದ್ದಾನೆಂಬ ಸುಳಿವು ಪೊಲೀಸರಿಗೆ ಮೊದಲೇ ಸಿಕ್ಕಿತ್ತು. ಎಚ್ಚರಿಕೆ ಕೊಟ್ಟಿದ್ದೆವು, ಈ ಸಲ ತಿಳಿಸದೆ ಬಂದರು ಎಂಬುದು ತಮಿಳುನಾಡಿನ ಸಮಜಾಯಿಷಿ. ಹುಟ್ಟಿದ ಊರಿಗೆ ಹೋಗುವವನು ಠಾಣೆಗೆ ಅರ್ಜಿ ಕೊಟ್ಟು ಹೋಗುತ್ತಾನೆಯೇ ಎಂಬುದು ನಮ್ಮ ಕಡೆಯ ಜನರ ಪ್ರಶ್ನೆ. ಎರಡೂ ಸರಿಯೇ. ಆದರೆ ತೊಡಕು ಇನ್ನೂ ಆಳದಲ್ಲಿದೆ. ಪೊಲೀಸ್ ಎಂಬುದು ಸಂವಿಧಾನದ ಏಳನೇ ಅನುಸೂಚಿಯಲ್ಲಿ ರಾಜ್ಯಪಟ್ಟಿಗೆ ಸೇರಿದ ವಿಷಯ. ಗಣ್ಯರು ಎಲ್ಲಿರುತ್ತಾರೋ ಆ ರಾಜ್ಯದ್ದೇ ಹೊಣೆ. ಕನ್ನಡಿಗರಿಗೆ ರಾಜ್‌ಕುಮಾರ್ ಯಾವ ಮುಖ್ಯಮಂತ್ರಿಗಿಂತಲೂ ದೊಡ್ಡವರು. ಈರೋಡಿನ ಕಡತದಲ್ಲಿ ಮಾತ್ರ ಅವರು ಊರಿಗೆ ಬಂದುಹೋಗುವ ಒಬ್ಬ ನಟ, ಯಾವ ಹುದ್ದೆಯೂ ಇಲ್ಲದವರು.

ನಮ್ಮಲ್ಲಿ ಭದ್ರತೆಯ ಕಾನೂನು ಬೆಳೆದದ್ದೇ ಹುದ್ದೆಯ ಸುತ್ತ, ಅದೂ ಪ್ರತಿಸಲ ಒಂದು ಸಾವಾದ ಮೇಲೆ. 1981ರ ತನಕ ಪ್ರಧಾನಿಯ ಭದ್ರತೆ ದೆಹಲಿ ಪೊಲೀಸರ ಕೆಲಸವಾಗಿತ್ತು. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರನ್ನು ಅವರ ಮನೆಯ ಕಾವಲಿನವರೇ ಗುಂಡಿಟ್ಟು ಕೊಂದರು. ಆಮೇಲೆ ಬೀರ್‌ಬಲ್ ನಾಥ್ ಸಮಿತಿ ಕೂತಿತು, 1985ರಲ್ಲಿ ಪ್ರಧಾನಿಯ ಕಾವಲಿಗೆಂದೇ ಎಸ್‌ಪಿಜಿ ಎಂಬ ವಿಶೇಷ ಪಡೆ ಹುಟ್ಟಿತು, 1988ರಲ್ಲಿ ಅದಕ್ಕೊಂದು ಕಾಯ್ದೆ ಬಂತು. ಕಾಯ್ದೆಯಲ್ಲಿದ್ದದ್ದು ಹಾಲಿ ಪ್ರಧಾನಿ ಮತ್ತು ಕುಟುಂಬ ಮಾತ್ರ. 1989ರ ಡಿಸೆಂಬರಿನಲ್ಲಿ ರಾಜೀವ್ ಗಾಂಧಿ ಕುರ್ಚಿ ಬಿಟ್ಟರು, ವಿ.ಪಿ. ಸಿಂಗ್ ಬಂದರು, ರಾಜೀವ್ ಸುತ್ತಲಿನ ಎಸ್‌ಪಿಜಿ ಹೊರಟುಹೋಯಿತು. ಬೆದರಿಕೆ ಹೋಗಿತ್ತೇ? ಶ್ರೀಲಂಕಾಕ್ಕೆ ಸೇನೆ ಕಳಿಸಿದ್ದರ ಸಿಟ್ಟು ಹುದ್ದೆಯೊಂದಿಗೆ ಇಳಿಯುವಂಥದ್ದಾಗಿರಲಿಲ್ಲ.

1991ರ ಮೇ 21ರ ರಾತ್ರಿ ಶ್ರೀಪೆರಂಬುದೂರಿನಲ್ಲಿ ಅವರಿಗಿದ್ದದ್ದು ಸ್ಥಳೀಯ ಪೊಲೀಸರ ಕಾವಲು, ಜೊತೆಗೊಬ್ಬ ಭದ್ರತಾ ಅಧಿಕಾರಿ. ತಮಿಳುನಾಡಿನಲ್ಲಾಗ ರಾಷ್ಟ್ರಪತಿ ಆಳ್ವಿಕೆ ಬೇರೆ. ಹಾರ ಹಿಡಿದು ಮುಂದೆ ಬರುತ್ತಿದ್ದ ಯುವತಿಯನ್ನು ಮಹಿಳಾ ಪೊಲೀಸ್ ಅಧಿಕಾರಿಯೊಬ್ಬರು ತಡೆದರು. ಬರಲಿ ಬಿಡಿ ಎಂದವರು ರಾಜೀವರೇ. ಮುಂದಿನದು ಎಲ್ಲರಿಗೂ ಗೊತ್ತಿರುವುದೇ. ಅದೇ ವರ್ಷ ಕಾಯ್ದೆ ತಿದ್ದಿ ಮಾಜಿ ಪ್ರಧಾನಿಗಳಿಗೂ ಅವರ ಕುಟುಂಬಗಳಿಗೂ ಐದು ವರ್ಷದ ರಕ್ಷಣೆ ಕೊಟ್ಟರು. 1994ರಲ್ಲಿ ಅದು ಹತ್ತು ವರ್ಷವಾಯಿತು, 2003ರಲ್ಲಿ ಒಂದು ವರ್ಷಕ್ಕೆ ಇಳಿದು ಆಮೇಲೆ ಬೆದರಿಕೆ ನೋಡಿಕೊಂಡು ಮುಂದುವರಿಸುವುದೆಂದಾಯಿತು. 2019ರ ತಿದ್ದುಪಡಿ ಹಾಲಿ ಪ್ರಧಾನಿ ಮತ್ತು ಅಧಿಕೃತ ನಿವಾಸದಲ್ಲಿ ಜೊತೆಗಿರುವ ಹತ್ತಿರದ ಕುಟುಂಬಕ್ಕೆ ಎಸ್‌ಪಿಜಿಯನ್ನು ಸೀಮಿತಗೊಳಿಸಿತು. ಮಾಜಿಗಳಿಗೆ ಐದು ವರ್ಷ. ಗಾಂಧಿ ಕುಟುಂಬದ ಕಾವಲು ಸಿಆರ್‌ಪಿಎಫ್‌ಗೆ ಹೋಯಿತು.

ಉಳಿದ ಗಣ್ಯರಿಗೆ ಇಂಥ ಕಾಯ್ದೆ ಇಲ್ಲ. ಇರುವುದು ಗೃಹ ಸಚಿವಾಲಯದ ಯೆಲ್ಲೋ ಬುಕ್ ಎಂಬ ಭದ್ರತಾ ಮಾರ್ಗಸೂಚಿ ಮತ್ತು ಎಕ್ಸ್, ವೈ, ಝಡ್, ಝಡ್ ಪ್ಲಸ್ ಎಂಬ ಶ್ರೇಣಿಗಳು. ಎಕ್ಸ್ ಎಂದರೆ ಒಬ್ಬಿಬ್ಬರು ಗನ್‌ಮ್ಯಾನ್. ಝಡ್ ಪ್ಲಸ್ ಎಂದರೆ ಒಂದು ಸಣ್ಣ ಪಡೆ. ಗುಪ್ತಚರರ ವರದಿ ನೋಡಿ ಯಾರಿಗೆ ಎಷ್ಟೆಂದು ತೀರ್ಮಾನಿಸಬೇಕು. ಗನ್‌ಮ್ಯಾನ್ ಇದ್ದರೆ ಊರಲ್ಲಿ ಕಿಮ್ಮತ್ತು ಬೇರೆಯೇ ಎಂಬುದನ್ನು ಬಲ್ಲವರು ಆ ವರದಿಗೆ ಕಾಯುವುದಿಲ್ಲ, ನೇರ ವಿಧಾನಸೌಧಕ್ಕೆ ಹೋಗುತ್ತಾರೆ. 2017ರ ಮೇ 1ರಿಂದ ಕಾರಿನ ಮೇಲಿನ ಕೆಂಪು ದೀಪ ಹೋಯಿತು. ಗನ್‌ಮ್ಯಾನ್ ಹಂಬಲ ಹೋಗಲಿಲ್ಲ.

ಕತ್ತರಿಸುವುದೂ ಸುಲಭವಲ್ಲ. 2022ರ ಮೇ ತಿಂಗಳಲ್ಲಿ ಪಂಜಾಬ್ ಸರ್ಕಾರ 424 ಮಂದಿಯ ಭದ್ರತೆ ಹಿಂತೆಗೆಯಿತು ಅಥವಾ ಇಳಿಸಿತು. ಪಟ್ಟಿ ಮಾಧ್ಯಮಗಳಿಗೂ ಸಿಕ್ಕಿತು. ಮರುದಿನವೇ ಗಾಯಕ ಸಿದ್ದು ಮೂಸೆವಾಲಾ ಕೊಲೆಯಾದರು. ಅವರಿಗಿದ್ದ ನಾಲ್ವರಲ್ಲಿ ಇಬ್ಬರನ್ನು ತೆಗೆದಿದ್ದರು. ಉಳಿದಿಬ್ಬರನ್ನು ಅವರು ಅಂದು ಜೊತೆಗೆ ಕರೆದೊಯ್ದಿರಲಿಲ್ಲ. ಇವರೂ ಕಲಾವಿದರೇ, ಇವರೂ ತಮ್ಮ ಊರ ಕಡೆಯೇ ಇದ್ದರು. ಕಾವಲನ್ನು ಕಡಿಮೆ ಮಾಡುವುದಿರಲಿ, ಯಾರಿಗೆ ಕಡಿಮೆಯಾಯಿತೆಂದು ಊರಿಗೆಲ್ಲ ತಿಳಿಯುವಂತಾದದ್ದು ನನ್ನ ಮಟ್ಟಿಗೆ ಶುದ್ಧ ಅವಿವೇಕ.

ಗಾಜನೂರಿನಿಂದ ಕರ್ನಾಟಕ ಪಾಠ ಕಲಿತಿತೆಂದು ಹೇಳುವುದು ಕಷ್ಟ. ರಾಜ್‌ಕುಮಾರ್ 2000ದ ನವೆಂಬರ್ 15ರಂದು ಬಿಡುಗಡೆಯಾದರು. ಎರಡು ವರ್ಷವೂ ತುಂಬಿರಲಿಲ್ಲ, 2002ರ ಆಗಸ್ಟ್ 25ರಂದು ಅದೇ ವೀರಪ್ಪನ್ ಕೊಳ್ಳೇಗಾಲದ ಹತ್ತಿರದ ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಹೊತ್ತೊಯ್ದ. ಈ ಸಲ ಗಡಿಯ ನೆಪ ಇರಲಿಲ್ಲ. ಊರು ನಮ್ಮದೇ, ಪೊಲೀಸರೂ ನಮ್ಮವರೇ. ಡಿಸೆಂಬರಿನಲ್ಲಿ ಕಾಡಿನಲ್ಲಿ ಅವರ ಶವ ಸಿಕ್ಕಿತು. ವೀರಪ್ಪನ್ ಸತ್ತದ್ದು 2004ರ ಅಕ್ಟೋಬರ್ 18ರಂದು, ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿಯ ಬಳಿ, ತಮಿಳುನಾಡಿನ ವಿಶೇಷ ಕಾರ್ಯಪಡೆ ಎಸ್‌ಟಿಎಫ್ ಕೈಯಲ್ಲಿ. ಅಣ್ಣಾವ್ರ ಅಪಹರಣದ ಮೊಕದ್ದಮೆ ಗೋಬಿಚೆಟ್ಟಿಪಾಳ್ಯದ ಕೋರ್ಟಿನಲ್ಲಿ 2018ರ ತನಕ ನಡೆದು, ಬದುಕಿದ್ದ ಒಂಬತ್ತು ಆರೋಪಿಗಳೂ ಸಾಕ್ಷ್ಯ ಸಾಲದೆ ಖುಲಾಸೆಯಾದರು. ಆ ಹೊತ್ತಿಗೆ ರಾಜ್‌ಕುಮಾರ್ ಇರಲಿಲ್ಲ, ಪಾರ್ವತಮ್ಮನವರೂ ಇರಲಿಲ್ಲ.

ಗಡಿಯ ಪ್ರಶ್ನೆಗೆ ಸುಪ್ರೀಂ ಕೋರ್ಟಿನಿಂದ ಒಂದು ಉತ್ತರ ಬಂದದ್ದು 2023ರ ಫೆಬ್ರುವರಿಯಲ್ಲಿ, ಮುಕೇಶ್ ಅಂಬಾನಿ ಕುಟುಂಬದ ಪ್ರಕರಣದಲ್ಲಿ. ಬೆದರಿಕೆ ಇರುವವರ ರಕ್ಷಣೆಯನ್ನು ಒಂದು ಪ್ರದೇಶಕ್ಕೆ ಕಟ್ಟಿಹಾಕಿದರೆ ಅದರ ಉದ್ದೇಶವೇ ಕೆಡುತ್ತದೆ ಎಂದ ಪೀಠ, ಝಡ್ ಪ್ಲಸ್ ಕಾವಲು ದೇಶದೊಳಗೂ ಹೊರಗೂ ಇರಲಿ, ವೆಚ್ಚ ಮಾತ್ರ ಕುಟುಂಬದ್ದೇ ಎಂದಿತು. ತಾಳವಾಡಿಯಂಥ ಕಡೆ ಹೊಲ, ಮನೆ, ನೆಂಟರಿರುವ ಸಾಹಿತಿಗೋ ಹೋರಾಟಗಾರನಿಗೋ ಬೆದರಿಕೆ ಬಂದರೆ ಅಷ್ಟು ದುಡ್ಡು ಕಟ್ಟುವವರಾರು? ಆತನ ಸುರಕ್ಷತೆ ಇಂದಿಗೂ ಒಂದು ಜಿಲ್ಲೆಯ ಎಸ್‌ಪಿ ಇನ್ನೊಂದು ಜಿಲ್ಲೆಯ ಎಸ್‌ಪಿಗೆ ಮಾಡುವ ಫೋನ್ ಕರೆಯ ಮೇಲೆಯೇ ನಿಂತಿದೆ.