ಮೊದಲ ಸಭೆಯ ಬಾಗಿಲವರೆಗೆ

ಕುಡಿತ ಬಿಡಬೇಕೆಂದು ಬರುವವರಿಗೆ ನೆರವು ಗುಂಪಿನ (ಕುಡಿತ ಬಿಟ್ಟವರೂ ಬಿಡಲು ಬಯಸುವವರೂ ಸೇರಿ ಒಬ್ಬರಿಗೊಬ್ಬರು ಆಸರೆಯಾಗುವ ಗುಂಪಿನ) ವಿಳಾಸವನ್ನೂ ಸಭೆಯ ಸಮಯವನ್ನೂ ಚೀಟಿಯಲ್ಲಿ ಬರೆದುಕೊಟ್ಟು ಕಳುಹಿಸುವುದು ವೃತ್ತಿಯ ಆರಂಭದ ವರ್ಷಗಳಲ್ಲಿ ನನ್ನ ರೂಢಿಯಾಗಿತ್ತು. ಮುಂದಿನ ಭೇಟಿಯಲ್ಲಿ ವಿಚಾರಿಸಿದರೆ ಹೆಚ್ಚಿನವರು ಹೋಗಿರುತ್ತಿರಲಿಲ್ಲ. ಅವರಿಗೆ ಮನಸ್ಸಿಲ್ಲವೆಂದು ನಾನು ಭಾವಿಸುತ್ತಿದ್ದೆ. ಅದು ನನ್ನ ತಪ್ಪು ತಿಳಿವಳಿಕೆ. 1981ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ 20 ಜನರನ್ನು ಎರಡು ಪಾಲು ಮಾಡಿ, ಅರ್ಧದಷ್ಟು ಜನರಿಗೆ ಸಭೆಯ ಮಾಹಿತಿಯನ್ನು ಮಾತ್ರ ಕೊಡಲಾಯಿತು. ಉಳಿದವರನ್ನು ಆಪ್ತಸಲಹೆಯ ಕೊಠಡಿಯಿಂದಲೇ ಗುಂಪಿನ ಸದಸ್ಯರೊಬ್ಬರೊಡನೆ ಫೋನಿನಲ್ಲಿ ಮಾತನಾಡಿಸಿ, ಆ ಸದಸ್ಯರೇ ಅವರನ್ನು ಜೊತೆಗೆ ಕರೆದೊಯ್ಯುವಂತೆ ಏರ್ಪಾಡು ಮಾಡಲಾಯಿತು. ಮಾಹಿತಿ ಮಾತ್ರ ಪಡೆದವರಲ್ಲಿ ಒಬ್ಬರೂ ಹೋಗಲಿಲ್ಲ; ಫೋನಿನಲ್ಲಿ ಮಾತನಾಡಿದವರೆಲ್ಲರೂ ಹೋದರು. ಇಷ್ಟು ಕಡಿಮೆ ಜನರ ಅಧ್ಯಯನದಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು, ಆದರೆ ನನ್ನ ಅನುಭವ ಅದಕ್ಕೆ ಹೊಂದಿಕೊಳ್ಳುತ್ತದೆ. ಈಗ ನಾನು ಬಂದವರ ಒಪ್ಪಿಗೆ ಪಡೆದು, ಅವರ ಎದುರಿನಲ್ಲೇ ಫೋನ್ ಮಾಡಿಸುತ್ತೇನೆ. ನಿಮ್ಮ ವೈದ್ಯರು ಹಾಗೆ ಮಾಡದಿದ್ದರೆ ನೀವೇ ಕೇಳಿಕೊಳ್ಳಿ. ಅಥವಾ ಗುಂಪಿನ ಸಹಾಯವಾಣಿಗೆ ಕರೆ ಮಾಡಿ, ಮೊದಲ ದಿನ ಬಾಗಿಲಲ್ಲಿ ಯಾರಾದರೂ ಭೇಟಿಯಾಗಬಹುದೇ ಎಂದು ವಿಚಾರಿಸಿ.

ಗುಂಪನ್ನು ಹುಡುಕುವ ಮೊದಲು ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಬಹಳ ಕಾಲ ದಿನವೂ ವಿಪರೀತವಾಗಿ ಕುಡಿದವರು ಏಕಾಏಕಿ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ತಳಮಳ ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು-ಮೂರು ದಿನಗಳ ನಂತರ, ಇಲ್ಲದ್ದು ಕಾಣುವ, ದಿಕ್ಕು ತಪ್ಪಿದಂತೆ ಮಾತನಾಡುವ ಸ್ಥಿತಿ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಇದಕ್ಕೆ ಆಸ್ಪತ್ರೆಯ ಚಿಕಿತ್ಸೆ ಬೇಕು, ಸಭೆಯಲ್ಲಿ ಇದಕ್ಕೆ ಉಪಾಯವಿಲ್ಲ. ಆದ್ದರಿಂದ ನಿಲ್ಲಿಸುವ ದಿನವನ್ನು ವೈದ್ಯರೊಡನೆ ಮಾತನಾಡಿಯೇ ಗೊತ್ತುಮಾಡಿಕೊಳ್ಳಿ.

ಅತ್ಯಂತ ವ್ಯಾಪಕವಾಗಿರುವ ಗುಂಪು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಅದು ಹುಟ್ಟಿದ ಬಗೆಯನ್ನು ನಾನು ಬಂದವರಿಗೆಲ್ಲ ಹೇಳುತ್ತೇನೆ. 1935ರಲ್ಲಿ ಷೇರು ವ್ಯವಹಾರದ ಬಿಲ್ ವಿಲ್ಸನ್ ಎಂಬವರು ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದಾಗ, ಅಮೆರಿಕದ ಆ್ಯಕ್ರನ್ ನಗರದಲ್ಲಿ ಕೈಗೂಡದ ವ್ಯವಹಾರವೊಂದರ ನಿರಾಸೆಯಲ್ಲಿ ಮತ್ತೆ ಕುಡಿಯುವ ಅಂಚಿಗೆ ಬಂದಿದ್ದರು. ಆಗ ಅವರು ಹುಡುಕಿದ್ದು ತನ್ನಂತೆಯೇ ಕುಡಿತಕ್ಕೆ ಸಿಕ್ಕಿಬಿದ್ದ ಇನ್ನೊಬ್ಬ ಮನುಷ್ಯನನ್ನು. ಸಿಕ್ಕವರು ಶಸ್ತ್ರವೈದ್ಯ ಬಾಬ್ ಸ್ಮಿತ್. ಅವರಿಬ್ಬರ ಮಾತುಕತೆಯಿಂದ ಬೆಳೆದ ಗುಂಪಿನಲ್ಲಿ ಇಂದಿಗೂ ಉಪದೇಶ ಮಾಡುವ ತಜ್ಞರಿಲ್ಲ. ಕುಡಿಯುವುದನ್ನು ನಿಲ್ಲಿಸುವ ಇಚ್ಛೆಯೊಂದೇ ಸದಸ್ಯತ್ವಕ್ಕೆ ಸಾಕು. ಶುಲ್ಕವಿಲ್ಲ, ಇಷ್ಟವಿದ್ದವರು ಕಾಣಿಕೆ ಹಾಕುತ್ತಾರೆ.

ಮೊದಲ ಸಲ ಹೋಗುವವರ ಆತಂಕಗಳು ಬಹುಪಾಲು ಒಂದೇ ತೆರನಾದವು. ಗುರುತಿನವರು ಕಂಡರೆ ಏನು ಗತಿ ಎಂದು ಅನೇಕರು ಕೇಳುತ್ತಾರೆ. ಅಲ್ಲಿ ಕಂಡವರೂ ಅದೇ ಕಾರಣಕ್ಕೆ ಬಂದಿರುತ್ತಾರೆ, ಮತ್ತು ಯಾರು ಬಂದರು, ಏನು ಹೇಳಿದರು ಎಂಬುದನ್ನು ಹೊರಗೆ ಆಡಬಾರದೆಂಬ ನಡಾವಳಿಯನ್ನು ಸದಸ್ಯರು ಗಂಭೀರವಾಗಿ ಪಾಲಿಸುತ್ತಾರೆ. ಮಾತನಾಡಲೇಬೇಕೆಂಬ ಒತ್ತಾಯವಿಲ್ಲ. ಸರದಿ ಬಂದಾಗ ‘ಇವತ್ತು ಕೇಳಲು ಬಂದಿದ್ದೇನೆ’ ಎಂದರೆ ಸಾಕು. ಓಪನ್ ಮೀಟಿಂಗಿಗೆ ಮನೆಯವರೂ ಬರಬಹುದು. ಕ್ಲೋಸ್ಡ್ ಮೀಟಿಂಗ್ ಕುಡಿತ ಬಿಡಲು ಬಯಸುವವರಿಗಷ್ಟೇ ಮೀಸಲು. ಎ.ಎ.ಯ ಹನ್ನೆರಡು ಹೆಜ್ಜೆಗಳಲ್ಲಿ, ಅಂದರೆ ಕುಡಿತದಿಂದ ಹೊರಬರಲು ಸದಸ್ಯರು ಅನುಸರಿಸುವ ಸೂತ್ರಗಳಲ್ಲಿ, ದೇವರ ಮಾತು ಬರುತ್ತದೆ. ದೇವರನ್ನು ‘ನಾವು ಅರಿತಂತೆ’ ಎಂಬ ಸಡಿಲಿಕೆ ಅಲ್ಲಿ ಇದ್ದರೂ ಕೆಲವರಿಗೆ ಅದು ಒಗ್ಗುವುದಿಲ್ಲ, ಆ ಹಿಂಜರಿಕೆಯನ್ನು ನಾನು ನೆಪವೆಂದು ತಳ್ಳಿಹಾಕುವುದಿಲ್ಲ. ಅಂಥವರಿಗೆ ಯೋಚನೆ ಮತ್ತು ನಡವಳಿಕೆಯನ್ನು ತಿದ್ದಿಕೊಳ್ಳುವ ವಿಧಾನಗಳನ್ನು ಕಲಿಸುವ ಸ್ಮಾರ್ಟ್ ರಿಕವರಿ ಇದೆ. ಮಹಿಳೆಯರಿಗೆಂದೇ 1975ರಲ್ಲಿ ಆರಂಭವಾದ ವಿಮೆನ್ ಫಾರ್ ಸೋಬ್ರೈಟಿ ಇದೆ. ಇವು ಹತ್ತಿರದಲ್ಲಿ ಇಲ್ಲದಿದ್ದರೂ ಆನ್‌ಲೈನ್ ಸಭೆಗಳಿಗೆ ಸೇರಬಹುದು.

ಒಂದೇ ಸಭೆ ನೋಡಿ ‘ನನಗೆ ಇದು ಆಗುವುದಿಲ್ಲ’ ಎನ್ನಬೇಡಿ ಎಂಬುದು ನನ್ನ ಕಳಕಳಿಯ ಕೋರಿಕೆ. ಒಂದೇ ಹೆಸರಿನ ಎರಡು ಗುಂಪುಗಳು ಸ್ವಭಾವದಲ್ಲಿ ಪೂರ್ತಿ ಬೇರೆಯಾಗಿರಬಹುದು: ಒಂದರಲ್ಲಿ ಹಿರಿಯರೇ ಹೆಚ್ಚು, ಇನ್ನೊಂದರಲ್ಲಿ ನಿಮ್ಮ ವಯಸ್ಸಿನವರು, ನಿಮ್ಮ ಬಗೆಯ ಕೆಲಸದವರು ಸಿಗಬಹುದು. ಬೇರೆ ಬೇರೆ ಗುಂಪುಗಳ ಐದಾರು ಸಭೆಗಳನ್ನಾದರೂ ನೋಡಿ, ಯಾವುದರಿಂದ ಹೊರಬಂದಾಗ ಮನಸ್ಸು ಹಗುರವಾಗಿತ್ತೋ ಅಲ್ಲಿಗೆ ಮತ್ತೆ ಹೋಗಿ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆಯು ಎ.ಎ. ಮತ್ತು ಅದರತ್ತ ಕ್ರಮಬದ್ಧವಾಗಿ ಕರೆದೊಯ್ಯುವ ಚಿಕಿತ್ಸೆಗಳು, ಕುಡಿಯದೆ ಉಳಿಯುವ ವಿಷಯದಲ್ಲಿ ಇತರ ಮಾನಸಿಕ ಚಿಕಿತ್ಸೆಗಳಿಗೆ ಸಮನಾಗಿ, ಕೆಲವೊಮ್ಮೆ ಅವುಗಳಿಗಿಂತ ಚೆನ್ನಾಗಿ ಫಲ ಕೊಡುತ್ತವೆ ಎಂದು ಕಂಡುಕೊಂಡಿದೆ. ಔಷಧವನ್ನೂ ಸಭೆಯನ್ನೂ ಜೊತೆಯಾಗಿ ನಡೆಸಬಹುದು. ‘ಮಾತ್ರೆ ನುಂಗುವವರು ನಿಜವಾಗಿ ಬಿಟ್ಟವರಲ್ಲ’ ಎಂದು ಯಾವ ಸದಸ್ಯರಾದರೂ ಹೇಳಿದರೆ ಅದು ಅವರ ಸ್ವಂತ ಅಭಿಪ್ರಾಯ. ಕುಡಿಯುವ ಹಂಬಲ ತಗ್ಗಿಸುವ ನಾಲ್ಟ್ರೆಕ್ಸೋನ್ ಇರಲಿ, ಖಿನ್ನತೆಯ ಮಾತ್ರೆ ಇರಲಿ, ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಕುಡಿಯುವವರು ಬರಲೊಪ್ಪದಿದ್ದರೂ ಮನೆಯವರು ತಮಗಾಗಿ, ಕುಡಿಯುವವರ ಕುಟುಂಬದವರ ಗುಂಪಾದ ಅಲ್-ಅನಾನ್ ಸಭೆಗೆ ಹೋಗಬಹುದು.

ಇನ್ನು, ಕೆಲವು ತಿಂಗಳು ಬಿಟ್ಟು ಮತ್ತೆ ಕುಡಿದವರು. ಅವರು ನನ್ನ ಬಳಿಗೆ ಬರುತ್ತಾರೆ, ಸಭೆಗೆ ಮಾತ್ರ ಹೋಗುವುದಿಲ್ಲ. ಅಲ್ಲಿನವರಿಗೆ ಮುಖ ತೋರಿಸಲು ನಾಚಿಕೆ. ಆ ಕೊಠಡಿಯಲ್ಲಿ ಕುಳಿತವರಲ್ಲಿ ಹಲವರು ಹಾಗೆ ಎಡವಿಯೇ ಮರಳಿ ಬಂದವರು ಎಂದು ನಾನು ಹೇಳಿದರೆ ಅಷ್ಟಾಗಿ ನಾಟುವುದಿಲ್ಲ. ಆದ್ದರಿಂದ ಆಗಲೂ ಫೋನನ್ನು ಅವರ ಕೈಗೇ ಕೊಟ್ಟು, ಅವರ ಗುಂಪಿನವರೊಬ್ಬರಿಂದ ಆ ಮಾತನ್ನು ಕೇಳಿಸುತ್ತೇನೆ.